ಜಡೆಗಟ್ಟಿದ ಕೂದಲು

"ಬಾಗಿಲಾ ತಗೀ ಬೋಸುಡಿ! ಶೆಡ್ಡು ನಿಮ್ಮಪ್ಪ ಕಟ್ಟಿಸಿದ್ದಲ್ಲ, ನಾ ಕಟ್ಟಿಸಿದ್ದು!"

ಸಾವ್ಕಾರ ಅಮೋಘಸಿದ್ದಪ್ಪ ಹೇಳಿದ್ದು ಸುಳ್ಳಲ್ಲ. ನೀರಿನ ಮೋಟಾರು, ಗೊಬ್ಬರದ ಚೀಲ ಇಡಲೆಂದು ಅವನೇ ಕಟ್ಟಿಸಿದ ಶೆಡ್ಡು ಅದು. ಮೋಟಾರು ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದಿಲ್ಲವಲ್ಲ, ಅದಕ್ಕೇ ಚಿಲಕವನ್ನು ಹೊರಗಷ್ಟೇ ಹಚ್ಚಿಸಿದ್ದ. ಆಮೇಲೆ ಕಬ್ಬಿಗೆ ನೀರು ಬಿಡಲು, ಕಾಡುಹಂದಿ ನುಗ್ಗದಂತೆ ಕಾಯಲು ಅಂತ ಕೃಷ್ಣವ್ವ ಮಗಳನ್ನು ಕಟ್ಟಿಕೊಂಡು ಬಂದು ಅದರಲ್ಲಿ ಇದ್ದಳು. ಒಂದು ಒಳಚಿಲಕ ಹಚ್ಚಿಸಿಕೊಡಿ ಎಂದು ಕೇಳಿದ್ದಕ್ಕೆ, "ನಿನ್ನ ಹಂತ್ಯಾಕ ಏನ ಬಂಗಾರ ಐತಿ?" ಎಂದು ನಕ್ಕಿದ್ದ.

ಈಗ ಕೃಷ್ಣವ್ವ ತಗಡಿನ ಬಾಗಿಲಿಗೆ ಬೆನ್ನು ಕೊಟ್ಟು, ಗೊಬ್ಬರದ ಚೀಲಗಳಿಗೆ ಕಾಲು ಒತ್ತಿ ಕೂತಿದ್ದಾಳೆ. ಮೂಲೆಯಲ್ಲಿ ಮಗಳು ಪೂನಮ್, ಶಾಲೆಯ ಯೂನಿಫಾರ್ಮಿನಲ್ಲೇ ಮುದುಡಿಕೊಂಡಿದ್ದಾಳೆ. ಸುತ್ತ ಆಳೆತ್ತರದ ಕಬ್ಬು. ಕೂಗಿದರೆ ಓಗೊಡಲು ಒಂದು ನರಪಿಳ್ಳೆಯೂ ಇಲ್ಲ.

ಹುಡುಗಿಯ ತಪ್ಪಾದರೂ ಏನು? ಅವಳ ತಲೆಗೂದಲು ಗಂಟುಗಟ್ಟಿ ಜಡೆಯಾಗಿತ್ತು. ಬೋರಿನ ಸವಳು ನೀರು, ಎಣ್ಣೆ ಕಾಣದ ತಲೆ, ನಸುಕಿಗೇ ಕೆಲಸಕ್ಕೆ ಹೋಗುವ ತಾಯಿ. ಬಾಚುವವರು ಯಾರು? ಕೃಷ್ಣವ್ವ ಒಮ್ಮೆ ಬಾಚಣಿಗೆ ಹಾಕಿ ಎಳೆದಾಗ ಅದರ ಹಲ್ಲು ಮುರಿದವು. ಹಿಂದೆ ಕೃಷ್ಣವ್ವನ ತಲೆಯಲ್ಲೂ ಹೀಗೇ ಜಡೆ ಬಂದಾಗ, ಎಲ್ಲಮ್ಮತಾಯಿ ಕರೆದಳು ಎಂದು ಕೊರಳಿಗೆ ಮುತ್ತು ಕಟ್ಟಿದ್ದರು. ಹೆಸರಿಗೆ ದೇವರಿಗೆ ಬಿಟ್ಟ ಹೆಣ್ಣು. ಬಿಟ್ಟಿದ್ದು ಯಾರಿಗೆ ಎಂಬುದು ಊರಿಗೆಲ್ಲ ಗೊತ್ತು.

ಬಾಚಣಿಗೆ ಮುರಿದ ಆವತ್ತೇ ಕತ್ತರಿ ಹಾಕಿದ್ದರೆ ಮುಗಿಯುತ್ತಿತ್ತು. ಅವಳು ಹೆದರಿ ಮಗಳ ಜಡೆಗೆ ಭಂಡಾರ ಹಚ್ಚಿ, "ತಪ್ಪಾತು ತಾಯಿ, ಕೂಸಿನ್ನ ಬಿಟ್ಟಬಿಡು" ಎಂದು ಕೈಮುಗಿದಳು. ತಲೆಯ ಮೇಲಿನ ಹಳದಿ ಶಾಲೆಯ ಮಕ್ಕಳಿಗೆ ಕಂಡಿತು, ಮಕ್ಕಳ ಬಾಯಿಂದ ಊರಿಗೆ, ಊರಿನಿಂದ ಸಾವ್ಕಾರನ ಕಟ್ಟೆಗೆ ಸುದ್ದಿ ಹೋಯಿತು. ಎಲ್ಲಮ್ಮನ ಗುಡ್ಡದ ಮೇಲೆ ಈಗ ಮುತ್ತು ಕಟ್ಟುವಂತಿಲ್ಲ, ಪೊಲೀಸರ ಕಣ್ಣಿದೆ. ಕಬ್ಬಿನ ನಡುವೆ ಯಾರ ಕಣ್ಣಿದೆ? ಅದಕ್ಕೇ ಮಟಮಟ ಮಧ್ಯಾಹ್ನ ಮೂರು ಮಂದಿ ಇಲ್ಲಿಗೇ ಬಂದಿದ್ದರು.

"ತಂಗೀ, ಬಾಗಿಲಾ ತಗಿ." ಇದು ಅವಳ ಅಣ್ಣ ಹನುಮಪ್ಪ. "ಸೀರಿ, ಕುಬಸ, ಜೋಗತೇರ ಊಟ, ಎಲ್ಲಾ ಸಾವ್ಕಾರ್ರ ನೋಡ್ಕೋತಾರ. ನಮಗೇನೂ ತ್ರಾಸಿಲ್ಲ."

"ಸೋದರಮಾವ ಆಗಿ ಈ ಮಾತ ಆಡಾಕ ನಾಚಗಿ ಬರಂಗಿಲ್ಲನೋ?"

"ತಾಯಿ ಕರದ್ರ ನಾ ಏನ ಮಾಡ್ಲಿ?"

"ತಾಯಿ ಕರದಾಳೋ, ಸಾವ್ಕಾರ ಕರದಾನೋ?"

ಬಾಗಿಲಿಗೆ ಒದೆ ಬಿತ್ತು. ಕೃಷ್ಣವ್ವನ ಬೆನ್ನು ಝುಮ್ಮೆಂದಿತು.

"ನಾಲಿಗಿ ಬಾಳ ಉದ್ದ ಆತು ನಿಂದು, ಸೂಳಿ!"

"ಹೌದ್ರಿ ಸಾವ್ಕಾರ್ರ, ಸೂಳೀನ. ಮಾಡಿದವ್ರು ಯಾರ್ರಿ? ನನ್ನ ಮುತ್ತಿನ ಸೀರೀನೂ ನಿಮ್ಮಪ್ಪನ ತಂದಿದ್ದ. ಯಾಕ ತಂದಿದ್ದ ಅಂತ ನನಗ ಗೊತ್ತೈತಿ."

ಈಗ ಹೊರಗಿದ್ದ ಮೂರನೆಯವಳು, ಮುದಿ ಜೋಗತಿ ಸಾವಿತ್ರೆವ್ವ, ಬಾಯಿ ತೆರೆದಳು. ಕೃಷ್ಣವ್ವನಿಗೆ ಮುತ್ತು ಕಟ್ಟಿದವಳೂ ಅವಳೇ.

"ಹಟಾ ಮಾಡಬ್ಯಾಡ ನನ್ನವ್ವಾ. ಜಡಿ ತಗದ್ರ ಕೂಸು ರಕ್ತಾ ಕಾರತೈತಿ. ಉಗರಗೋಳದಾಗ ಒಬ್ಬಾಕಿ ಮಗಳ ಜಡಿ ತಗಸಿದ್ಲು, ಹುಡುಗಿ ಉಳೀಲಿಲ್ಲ. ನಾ ಕಣ್ಣಾರೆ ಕಂಡೇನಿ."

ಸಾವ್ಕಾರನ ಒದೆಗೆ ಅಲುಗದ ಕೃಷ್ಣವ್ವ ಈ ಮಾತಿಗೆ ನಡುಗಿದಳು. ಅವಳು ನಂಬುತ್ತಿದ್ದಳು. ನಂಬದೆ ಇರುವುದು ಓದಿದವರಿಗೆ ಸಲೀಸು. ಇವಳದು ಮಾತು ಕಲಿತಂದಿನಿಂದ ಉಧೋ ಉಧೋ ಎಂದ ಬಾಯಿ. ಮಗಳ ಕಡೆ ನೋಡಿದಳು. ಹುಡುಗಿ ಹೆದರಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು.

"ಯವ್ವಾ, ನಾ ಒಲ್ಲೆ. ನಾ ಸಾಲಿಗೆ ಹೋಗತೇನಿ."

ಇನ್ನೊಂದು ಒದೆಗೆ ಮೇಲಿನ ಬಿಜಾಗರಿ ಕಿತ್ತು ಬಂತು. ಇನ್ನು ಬೆನ್ನು ಕೊಟ್ಟು ಕೂತು ಉಪಯೋಗವಿರಲಿಲ್ಲ. ಕೃಷ್ಣವ್ವ ಎದ್ದವಳೇ ತಗಡಿಗೆ ಸಿಕ್ಕಿಸಿದ್ದ ಕುಡುಗೋಲು ಹಿರಿದಳು, ಮಗಳ ಜಡೆಯನ್ನು ಮುಷ್ಟಿಯಲ್ಲಿ ಹಿಡಿದಳು. "ಕಣ್ಣ ಮುಚ್ಚವಾ" ಎಂದು ತಾನೂ ಕಣ್ಣು ಮುಚ್ಚಿಕೊಂಡಳು.

ಬಾಗಿಲು ಬಿದ್ದು ಮೂವರೂ ಒಳಗೆ ನುಗ್ಗುವ ಹೊತ್ತಿಗೆ ಜಡೆ ಅವಳ ಕೈಯಲ್ಲಿತ್ತು. ಹುಡುಗಿಯ ನೆತ್ತಿಗೆ ಕುಡುಗೋಲು ತಾಗಿ ರಕ್ತ ಇಳಿಯುತ್ತಿತ್ತು. ಕೃಷ್ಣವ್ವ ಜಡೆಯನ್ನು ಸಾವ್ಕಾರನ ಎದೆಗೆ ಎಸೆದಳು.

"ತಾಯಿ ಕರದದ್ದು ಇದನ್ನ ಹೌದಿಲ್ಲೋ? ಒಯ್ರಿ! ಇದಕ್ಕ ಸೀರಿ ಉಡಸ್ರಿ, ಇದಕ್ಕ ಮುತ್ತು ಕಟ್ರಿ. ನನ್ನ ಮಗಳನ್ನ ಮುಟ್ಟಿದ್ರ ಕೈ ಕಡೀತೇನಿ, ಭಾಡ್ಯಾಗೋಳ್ರಾ!"

ಸಾವ್ಕಾರ ಮೈಮೇಲೆ ಹಾವು ಬಿದ್ದವನ ಹಾಗೆ ಹೊರಗೆ ಹಾರಿದ. ನಂಬಿಕೆಯಲ್ಲಿ ಅವನೇನು ಅವಳಿಗಿಂತ ಕಡಿಮೆಯವನಲ್ಲ. ಹನುಮಪ್ಪನೂ ಹಿಂದೆಯೇ ಓಡಿದ. ಸಾವಿತ್ರೆವ್ವ ಕೆನ್ನೆ ಬಡಿದುಕೊಂಡು ಜಡೆಯನ್ನು ಸೆರಗಿನಲ್ಲಿ ಎತ್ತಿಕೊಂಡಳು.

"ಈಗಿಂದೀಗ ನನ್ನ ಹೊಲಾ ಬಿಡ್ರಿ!" ಸಾವ್ಕಾರ ದೂರದಿಂದಲೇ ಕೂಗಿದ. "ತಾಯಿ ಸಿಟ್ಟು ನನ್ನ ಕಬ್ಬಿಗೆ ಬಡೀಬಾರದು."

"ನನ್ನ ಮನಿ ಕಡೆನೂ ಬರಬ್ಯಾಡ," ಎಂದ ಅಣ್ಣ.

ಸಾವಿತ್ರೆವ್ವ ಹೋಗುವಾಗ ಹುಡುಗಿಯ ತಲೆ ನೋಡಿ, ಸಿಟ್ಟಿಲ್ಲದೆ ಹೇಳಿದಳು: "ಕೂದಲಾ ಮತ್ತ ಬೆಳೀತಾವವ್ವಾ. ಜಡೀನೂ ಬರತೈತಿ."

ಒಂದು ಗಂಟು ಬಟ್ಟೆ, ಮಗಳ ಪುಸ್ತಕದ ದಪ್ತರ. ತಾಯಿ ಮಗಳು ಕಾಲುವೆಯ ಒಡ್ಡು ಹಿಡಿದು ಸುರೇಬಾನದ ಕಡೆ ನಡೆದರು. ಅಲ್ಲಿಂದ ರಾಮದುರ್ಗದ ಬಸ್ಸು ಸಿಗುತ್ತದೆ. ರಾಮದುರ್ಗದಲ್ಲಿ ಯಾರಿದ್ದಾರೆ ಎಂಬುದು ಕೃಷ್ಣವ್ವನಿಗೂ ಗೊತ್ತಿರಲಿಲ್ಲ. ಬಿಸಿಲು ಸುಡುತ್ತಿತ್ತು. ಮುಂಜಾನೆಯಿಂದ ಏನೂ ತಿನ್ನದ ಹುಡುಗಿ ಅರ್ಧ ದಾರಿಯಲ್ಲಿ ಹೊಟ್ಟೆ ಹಿಡಿದು ಕೂತು ವಾಂತಿ ಮಾಡಿದಳು.

ಕೃಷ್ಣವ್ವ ಗಂಟು ಬಿಸಾಡಿ ಮೊಣಕಾಲೂರಿದಳು. ಮಗಳ ಬೆನ್ನು ಸವರಲಿಲ್ಲ, ಬಾಯಿ ಒರೆಸಲಿಲ್ಲ. ಧೂಳಿನ ಮೇಲೆ ಬಿದ್ದ ವಾಂತಿಯಲ್ಲಿ ಬೆರಳಾಡಿಸಿ ನೋಡತೊಡಗಿದಳು. ಅಲ್ಲಲ್ಲಿ ಕೆಂಪು ಕಂಡಿತು. ನೆತ್ತಿಯ ರಕ್ತ ಇನ್ನೂ ಹಣೆಯಿಂದ, ಮೂಗಿನ ತುದಿಯಿಂದ ಅದರಲ್ಲೇ ತೊಟ್ಟಿಕ್ಕುತ್ತಿತ್ತು. ಯಾವುದು ತಲೆಯದು, ಯಾವುದು ಹೊಟ್ಟೆಯದು ಅವಳಿಗೆ ತಿಳಿಯಲಿಲ್ಲ.

"ಯವ್ವಾ, ಏನ ಹುಡಕಾಕ ಹತ್ತಿ?" ಎಂದಳು ಪೂನಮ್.

ಕೃಷ್ಣವ್ವ ತಲೆ ಎತ್ತಲಿಲ್ಲ, ಹುಡುಕುತ್ತಲೇ ಇದ್ದಳು.