ಅಳಿವೆಯ ಹತ್ತು ಪ್ರತಿಗಳು

೧

ಎಲ್ಲಿಂದ ಹಿಡಿಯಲಿ? ಸಮುದ್ರದಿಂದ ಹಿಡಿದರೆ ಕಥೆ ಒದ್ದೆಯಾಗುತ್ತದೆ. ಮೊದಲ ಕರಡಿನಲ್ಲಿ ಕಥಾನಾಯಕಿ ಶಂಕರಿಯನ್ನು ಕುಂಬಳೆಯ ಕಡಲತಡಿಯಲ್ಲಿ ಸೆರಗು ಹಾರಿಸುತ್ತ ನಿಲ್ಲಿಸಿದ್ದೆ. ಅವಳೇ ಬೈದಳು: “ಕೈ ತುಂಬ ಶಾಯಿ ಉಂಟು ಮಾರಾಯ್ರೆ. ಹಾರಿದ ಸೆರಗು ಹಿಡಿಯುವುದು ಯಾರು, ನೀವಾ?”

ಹರಿದು ಹಾಕಿದೆ. ಶೆಡ್ಡಿನಿಂದ ಶುರುಮಾಡುತ್ತೇನೆ.

೨

೧೯೫೩. ರೈಲು ಸ್ಟೇಶನ್ನಿನ ಹಿಂದಿನ ಶೆಡ್ಡಿನಲ್ಲಿ ಶಂಕರಿಯ ಅಣ್ಣ ಮಹಾಬಲ ಲೇಬಲ್ ಅಚ್ಚು ಹಾಕುತ್ತಿದ್ದ. ಮರದ ಚೌಕಟ್ಟಿಗೆ ಬಿಗಿದ ರೇಶ್ಮೆ ಬಟ್ಟೆ. ಬಣ್ಣ ಇಳಿಯಬಾರದ ಕಡೆಗೆಲ್ಲ ಅಂಟು ಬಳಿದು, ಶಾಯಿ ಸುರಿದು, ರಬ್ಬರಿನ ಪಟ್ಟಿಯಿಂದ ಎಳೆದರೆ ಕೆಳಗಿನ ಕಾಗದದಲ್ಲಿ ಸಾಬೂನಿನದೋ ಸೋಡಾದ್ದೋ ಹೆಸರು ಮೂಡುತ್ತಿತ್ತು. ಅದನ್ನೇ ಎಳೆದೆಳೆದು ಶಂಕರಿಗೆ ಸಾಕಾಗಿತ್ತು.

ಅಣ್ಣ ಮಂಗಳೂರಿಗೆ ಹೋದ ದಿನ ಅವಳು ಮೂರು ಬಣ್ಣಕ್ಕೆ ಮೂರು ಚೌಕಟ್ಟು ಹಿಡಿದು, ಹೊಳೆ ಕಡಲು ಸೇರುವ ಅಳಿವೆಯನ್ನು ಅಚ್ಚು ಹಾಕಿದಳು. ಕೆಳಗೆ ಅಗಲವಾದ ನೀಲಿ ಕಡಲು, ಅದರೊಳಗೆ ನುಗ್ಗಿದ ಹಳದಿ ಹೊಳೆ, ಓರೆಯಾಗಿ ಕೆಲವು ಕಪ್ಪು ಗೀರು. (ಗೀರುಗಳು ತೆಂಗೋ ದೋಣಿಯೋ ಎಂದು ಕೇಳಿದೆ. “ನಿಮಗೆ ಎಂತ ಬೇಕೋ ಅದು” ಎಂದಳು. ಅವಳಿಗೂ ಗೊತ್ತಿಲ್ಲ ಎಂದು ನನ್ನ ಗುಮಾನಿ.)

ಹತ್ತೇ ಪ್ರತಿ. ಕೆಳಮೂಲೆಯಲ್ಲಿ ಸಹಿ, ಪೆನ್ಸಿಲಿನಲ್ಲಿ ಸಂಖ್ಯೆ: ೧/೧೦, ೨/೧೦, ಹೀಗೆ. ಹಗ್ಗಕ್ಕೆ ಸಿಕ್ಕಿಸಿದಾಗ ಹತ್ತು ಅಳಿವೆಗಳು ಗಾಳಿಗೆ ಕುಣಿದವು. ಬಾಗಿಲು ಹಾಕಿಕೊಂಡು ಅವಳೂ ಕುಣಿದಳು.

೩

ಮರುದಿನ ಅಣ್ಣನ ಜೊತೆ ಸಾಬೂನು ವ್ಯಾಪಾರಿ ವೆಂಕಟಕೃಷ್ಣ ಬಂದರು. ಹಗ್ಗದಲ್ಲಿದ್ದ ಒಂದು ಪ್ರತಿಯ ಮೂಲೆಗೆ ಬೆರಳಿಟ್ಟರು.

“ಇದೆಂತ, ಹತ್ತರಲ್ಲಿ ಮೂರು ಮಾರ್ಕಾ?”

“ಹತ್ತು ಪ್ರತಿಯಲ್ಲಿ ಮೂರನೆಯದ್ದು” ಎಂದಳು ಶಂಕರಿ.

“ಹತ್ತು ಯಾಕೆ? ಕ್ಯಾಲೆಂಡರಿಗೆ ಐನೂರು ಹೊಡೆಯಿರಿ. ನೀಲಿಯ ಮೇಲೆ ನನ್ನ ಸಾಬೂನಿನ ಹೆಸರು.”

“ಆಯ್ತು ಧಣಿ!” ಮಹಾಬಲ ಆಗಲೇ ಅಂಗಿಯ ತೋಳು ಮಡಚಿದ್ದ.

“ಇಲ್ಲ ಅಣ್ಣ. ಹತ್ತು ಅಂದ್ರೆ ಹತ್ತೇ.”

“ಕೆಲಸ ಇಲ್ಲದೆ ಶೆಡ್ಡು ಮುಚ್ಚುವುದರಲ್ಲಿ ಉಂಟು, ಶಂಕರೀ!”

(ಇಲ್ಲಿ ಅವಳನ್ನು ಒಪ್ಪಿಸಲು ನಾನು ಒಂದಿಡೀ ಪುಟ ಬರೆದೆ: ಮನೆಮನೆಯಲ್ಲಿ ಚಿತ್ರ, ಊರೆಲ್ಲ ಹೆಸರು. ಅವಳು ಓದಲೇ ಇಲ್ಲ, ಚೌಕಟ್ಟುಗಳೊಂದಿಗೆ ಬಾವಿಕಟ್ಟೆಯಲ್ಲಿದ್ದಳು.)

ನೀರಿಗೆ ಕರಗುವ ಅಂಟು; ಅದು ಹೋದರೆ ಮತ್ತೆ ಅಚ್ಚಿಲ್ಲ. ಮೂರೂ ಚೌಕಟ್ಟುಗಳ ಮೇಲೆ ಕೊಡಪಾನ ಕವುಚಿದಳು. ಅಣ್ಣನ ಮುಖ ನೋಡಲು ಧೈರ್ಯವಿರಲಿಲ್ಲ, ಆದರೂ ಎಲ್ಲಿಂದಲೋ ನಗು ಉಕ್ಕಿ ಬಂತು. ಅಳಿವೆ ಚರಂಡಿಗೆ ಹರಿಯಿತು.

ವೆಂಕಟಕೃಷ್ಣರು ಹತ್ತಿರ ಬಂದು ಪಿಸುಗುಟ್ಟಿದರು: “ಅಂದರೆ, ಇದು ಇನ್ನು ಯಾರಿಗೂ ಸಿಗುವುದಿಲ್ಲವಾ?”

“ಇಲ್ಲ.”

“ಮಂಜೇಶ್ವರದ ನನ್ನ ಭಾವನಿಗೂ?”

“ಅವರಿಗೂ.”

ಅವರ ಮುಖ ಹಲಸಿನಹಣ್ಣಿನಂತೆ ಬಿರಿಯಿತು. “ಹಾಗಾದರೆ ಒಂದು ನನಗೆ! ಹತ್ತಕ್ಕೆ ಹತ್ತು ಮಾರ್ಕು ಬಿದ್ದದ್ದೇ ಬೇಕು! ಲೇಬಲ್ಲಿನ ಕೆಲಸವೆಲ್ಲ ಇನ್ನು ನಿಮಗೇ.”

ಮಹಾಬಲ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತ. “ನೀನು ನನ್ನನ್ನು ಕೊಲ್ಲುತ್ತೀ” ಎಂದ. ಆಮೇಲೆ ತಂಗಿಯ ಜೊತೆ ಅವನೂ ನಗತೊಡಗಿದ.

೪

ಇಲ್ಲಿಗೇ ಮುಗಿಸಬಹುದು. ಬೇಡವಾದರೆ: ಶಂಕರಿ ದೊಡ್ಡ ಕಲಾವಿದೆಯಾದಳು. (ಸುಳ್ಳು.) ವೆಂಕಟಕೃಷ್ಣರನ್ನು ಮದುವೆಯಾದಳು. (ಅವಳ ಪೆನ್ಸಿಲ್ ನನ್ನ ಕಡೆಗೆ ಹಾರಿ ಬಂತು.)

ನಡೆದದ್ದು ಇಷ್ಟು. ಲೇಬಲ್ ಕಟ್ಟುಗಳನ್ನು ಕೊಡಲು ಅವಳು ಅವರ ಮನೆಗೆ ಹೋದಳು. ವೆಂಕಟಕೃಷ್ಣರ ತಾಯಿ ದೇವಕಿಯಮ್ಮ ಬೆಲ್ಲ-ನೀರು ಕೊಟ್ಟು, ಗೋಡೆ ತೋರಿಸಿದರು.

“ಹೇಗುಂಟು ಮಗಾ? ಮೇಲೆ ಮಳೆಮೋಡ ಎಷ್ಟು ಚಂದ ಅಲ್ವಾ?”

ಅಳಿವೆಯ ಚಿತ್ರ ತಲೆಕೆಳಗಾಗಿ ತೂಗುತ್ತಿತ್ತು. ಶಂಕರಿಯ ಸಹಿ ಬಾವಲಿಯಂತೆ ಮೇಲೆ ಜೋತುಬಿದ್ದಿತ್ತು.

ಶಂಕರಿ ತಲೆ ಓರೆ ಮಾಡಿದಳು. ಕಡಲು ಮೋಡವಾಗಿತ್ತು. ನಿಜಕ್ಕೂ ಮೋಡವೇ. ಬಾಯಿ ತೆರೆದಳು. ತಲೆಕೆಳಗೆಂದು ಹೇಳುತ್ತಾಳೋ, ಮಾತು ನುಂಗುತ್ತಾಳೋ? ನಾನು ಪೆನ್ನಿನ ಮುಚ್ಚಳ ತೆಗೆದೆ.

“ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ” ಎಂದಳು ನನಗೆ, ಕಣ್ಣು ಗೋಡೆಯಿಂದ ಕೀಳದೆ. “ನಾನಿನ್ನೂ ನೋಡ್ತಾ ಇದ್ದೇನೆ.”