ಶಂಭುಲಿಂಗನ ಚಾಕುವಿನ ಮೊನೆ

ನನ್ನ ಗಂಡ ಶಂಭುಲಿಂಗ ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವನಲ್ಲ. ಮಾತಿಗೆ ಮಾತು ಬೆಳೆದರೆ ಕಿಸೆಯಿಂದ ಮಡಚುವ ಚಾಕು ತೆಗೆದು ಬಿಚ್ಚುತ್ತಿದ್ದ, ಮುಚ್ಚುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ಕಣ್ಣು ಮಾತ್ರ ನನ್ನ ಕುತ್ತಿಗೆಯ ಮೇಲೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಹೊಲಿಗೆ ಕೊಯ್ಯುವುದು ಅವನ ಕೆಲಸ, ಹಾಗಾಗಿ ಚಾಕು ಕಿಸೆಯಲ್ಲಿರುವುದೂ ನ್ಯಾಯವೇ. ಯಾರಿಗೆ ಏನಂತ ದೂರು ಹೇಳಲಿ?

ಒಮ್ಮೆ ಕಾಯಿನ್ ಬೂತಿನಿಂದ ಕಾಗಿನೆಲೆಯಲ್ಲಿದ್ದ ನನ್ನ ಅಪ್ಪನಿಗೆ ಚಾಕುವಿನ ವಿಷಯ ಹೇಳಿದೆ.

“ಹೊಡದಾನೇನ ಮೀನಾಕ್ಷಿ?”

“ಇಲ್ಲಪಾ.”

“ಮತ್ತ? ಗಂಡ ಹೆಂಡಿರ ಜಗಳ ಉಂಡು ಮಲಗೂತನಕ. ಸುಮ್ನಿರು.”

ಉಂಡು ಮಲಗಿದ ಮೇಲೂ ಚಾಕು ದಿಂಬಿನಡಿ ಇರುತ್ತದೆ ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಒಂದು ಭಾನುವಾರ ಅವನು ಅಂಗಿ ಬದಲಿಸಿ ದೇವರಗುಡ್ಡಕ್ಕೆ ಹೋದ. ಚಾಕು ಕಳಚಿಟ್ಟ ಅಂಗಿಯ ಕಿಸೆಯಲ್ಲೇ ಉಳಿದಿತ್ತು. ಬಾವಿಗೆ ಎಸೆದರೆ ಮರುದಿನವೇ ಇನ್ನೊಂದು ಬರುತ್ತದೆ. ಅದಕ್ಕೇ ಮೊನೆಯನ್ನಷ್ಟೇ ಮೊಂಡು ಮಾಡೋಣ ಅಂದುಕೊಂಡೆ. ಹೊಲಿಗೆ ಕೊಯ್ಯಲು ಅಂಚು ಸಾಕು, ಅವನಿಗೆ ಗೊತ್ತಾಗಲಿಕ್ಕಿಲ್ಲ. ಅಲಗು ತಟ್ಟನೆ ಮಡಚಿಕೊಂಡು ಬೆರಳಿಗೆ ಬೀಳದಂತೆ ಹಿಡಿಯ ಸಂದಿಗೆ ಕಡ್ಡಿ ತುರುಕಿದೆ, ಅಂಚಿಗೆ ಬಟ್ಟೆ ಸುತ್ತಿದೆ, ಹಿತ್ತಿಲಿನ ಸಾಣೆಕಲ್ಲಿಗೆ ನೀರು ಹಾಕಿ ತಿಕ್ಕತೊಡಗಿದೆ.

ಅತ್ತೆ ಗುಡ್ಡವ್ವ ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯಲೇ ಇಲ್ಲ.

“ನಿಮ್ಮ ಮಾವಂದೂ ನಾ ಹಿಂಗ ತಿಕ್ಕಿದ್ದೆ,” ಅಂದರು.

ನನ್ನ ಕೈ ನಿಂತಿತು. “ಆಮ್ಯಾಲೆ ಏನಾತ್ರಿ ಅತ್ತಿ?”

“ಏನಾಗತೈತಿ. ಹೊಸಾದು ತಂದ್ರು.”

ಅಷ್ಟು ಹೇಳಿ ಒಳಗೆ ಹೋದರು. ಮೂವತ್ತು ವರ್ಷ ಅವರು ಈ ಮನೆಯಲ್ಲಿ ಹೇಗಿದ್ದರೋ, ಮುಂದಿನ ಮೂವತ್ತು ವರ್ಷ ನಾನೂ ಹಾಗೇ ಇರಬೇಕಲ್ಲ ಅನ್ನಿಸಿತು. ಅಳು ಬಂತು, ಸಿಟ್ಟೂ ಬಂತು. ಹಿಡಿದ ಕೆಲಸ ಮಾತ್ರ ಮುಗಿಸಿದೆ.

ಸಂಜೆ ಅವನು ಬಂದು ಪೇರಲಹಣ್ಣು ಕೊಯ್ಯಲು ಚಾಕು ಬಿಚ್ಚಿದ. ಮೊನೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ನನ್ನತ್ತ ನೋಡಿದ.

“ಯಾರು ಮಾಡಿದ್ದು?”

“ನಾನ,” ಅಂದರು ಅತ್ತೆ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

ಅವನು ತಾಯಿಗೆ ಎದುರಾಡುವವನಲ್ಲ. ಚಾಕು ಮುಚ್ಚಿದ. “ಹೋಗ್ಲಿ ಬಿಡವಾ. ನಾಳೆ ಪ್ಯಾಟ್ಯಾಗ ಹೊಸಾದು ತರ್ತೇನಿ.”

ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿ, ಮೊದಲ ಸಲ ಅವನ ಮುಖ ನೋಡಿದರು.

“ಎರಡ ತಾ,” ಅಂದರು. “ಇಕಿಗೂ ಒಂದು ಇರಲಿ.”