ಭಾಬಿ ಕೊಡಿಸಿದ ಪಾಲು

ಹರಿಹರದ ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದ ನುಜತ್‌ಗೆ ದಾವಣಗೆರೆ ತವರು. ಅಲ್ಲಿ ಉಳಿದವರು ಅಣ್ಣ ಅಕೀಬ್, ಅತ್ತಿಗೆ ಅಂಜುಮ್ ಇಬ್ಬರೇ. ಅಪ್ಪ ಜಮಾಲ್ ಸಾಬ್ ಜೀವಮಾನವೆಲ್ಲ ಗಾದಿ ಹೊಲಿದು ಮೂರು ಮಳಿಗೆ ಕಟ್ಟಿಸಿದ್ದರು. ಉಯಿಲು ಮಾತ್ರ ಬರೆಯದೇ ಹೋದರು. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದು ಹಿರಿಯರು ಪಾಲಿನ ಮಾತೆತ್ತಿದಾಗ ಅಕೀಬ್ ಸಿಡುಕಿದ್ದ: "ಅವಳ ಮದುವಿಗೆ ಅಬ್ಬಾ ಮಾಡಿದ ಖರ್ಚೇ ಅವಳ ಪಾಲು. ಇದ್ರಾಗ ಅವಳಿಗೆ ಏನೂ ಇಲ್ಲ."

ನುಜತ್ ಪಾಲು ಕೇಳದೇ ಹರಿಹರಕ್ಕೆ ಮರಳಿದಳು. ಹಬ್ಬಕ್ಕೆ ಹೋಗಿ ಬರಲು ತವರಿನ ಬಾಗಿಲೊಂದು ತೆರೆದಿದ್ದರೆ ಸಾಕೆನಿಸಿತ್ತು.

ವರ್ಷಗಳು ಸರಿದವು. ರವಿಕೆ ಹೊಲಿಸಲು ಬಂದ ವಕೀಲೆ ಉಮಾಮಹೇಶ್ವರಿ ಒಂದು ದಿನ ಮಾತಿನ ನಡುವೆ ಈ ವಿಷಯ ಕೇಳಿ ಗಾಬರಿಯಾದರು.

"ನಿನಗೆ ಪಾಲಿಲ್ಲ ಅಂತ ನಿಮ್ಮಣ್ಣ ಎದುರಿಗೇ ಅಂದಾನಲ್ಲ, ಆವತ್ತಿನಿಂದ ಎಣಿಕೆ ಶುರು ಅಂತಾರೆ. ಹನ್ನೆರಡು ವರ್ಷ ದಾಟಿದ್ರೆ ಕೋರ್ಟಿಗೆ ಹೋದ್ರೂ ಕಷ್ಟ. ನಿಂದು ಬರೋ ಬೇಸಿಗಿಗೆ ಮುಗೀತೈತೆ, ನುಜತ್."

"ಅಣ್ಣನ ಮೇಲೆ ಕೇಸ್ ಹಾಕೋದು ನನ್ನ ಕೈಲಿ ಆಗಲ್ಲ ಮೇಡಂ."

"ಹಾಕಬ್ಯಾಡ. ಅವನೇ ಒಪ್ಪಿ ಭಾಗಪತ್ರ ರಿಜಿಸ್ಟರ್ ಮಾಡಿಸಿದ್ರೆ ಮುಗೀತು. ಆದ್ರೆ ಸುಮ್ನೆ ಕೂತ್ಕಬ್ಯಾಡ."

ಮರುದಿನ ನುಜತ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಅಣ್ಣನ ಮನೆಯ ಹೊಸಿಲು ದಾಟುತ್ತಲೇ ಹಾರಿಹೋಯಿತು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತವಳ ಮುಖ ನೋಡಿ ಅಂಜುಮ್ ಕೇಳಿದಳು, "ಏನಾಗೈತೆ? ಹೇಳಬಾರದಾ ನನ್ನ ಮುಂದೆ?"

ನುಜತ್ ಅಳುತ್ತಲೇ ಎಲ್ಲ ಹೇಳಿದಳು. ಅಂಜುಮ್ ಒಲೆ ಆರಿಸಿ, ಸೆರಗಿನಿಂದ ಅವಳ ಕಣ್ಣೊರೆಸಿದಳು.

ಮಧ್ಯಾಹ್ನ ಅಕೀಬ್ ಊಟಕ್ಕೆ ಬಂದ. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಅಂಜುಮ್ ಎದುರಿಗೆ ಕೂತಳು; ನುಜತ್ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನುಜತ್ ಪಾಲು ಕೊಟ್ಟುಬಿಡ್ರಿ."

"ಅವಳು ಕೇಳಿದ್ಲಾ?"

"ಅವಳು ಕೇಳಲ್ಲ. ನಾನೂ ಕೇಳಿರಲಿಲ್ಲ. ನಮ್ಮ ಅಣ್ಣಂದಿರು ನಿನಗೇನೂ ಇಲ್ಲ ಅಂದಾಗ ಸುಮ್ನಿದ್ದೆ. ವಕೀಲರ ಹತ್ರ ಹೋಗೋ ಹೊತ್ತಿಗೆ ವಾಯಿದೆ ದಾಟಿತ್ತು. ಆವತ್ತು ತಂಗಿ ಹಕ್ಕು ತಿಂದೋರು ಅಂತ ಅವರನ್ನ ಬೈದಿದ್ದು ಯಾರು? ನೀವೇ. ಈಗ ನಿಮ್ಮನ್ನ ನಾನು ಏನು ಅನ್ಲಿ?"

ಅಕೀಬನ ಕೈ ತಟ್ಟೆಯಲ್ಲೇ ನಿಂತಿತು. ಅವನು ತಟ್ಟೆ ಸರಿಸಿ ಕೈ ತೊಳೆದುಕೊಂಡ. ಆಮೇಲೆ ತಂಗಿಯ ಕಡೆ ನೋಡದೆಯೇ ಕೇಳಿದ, "ಮೂರರಾಗ ಯಾವ್ದು ಬೇಕು ನಿಂಗೆ?"

ನುಜತ್ ಎರಡು ಹೆಜ್ಜೆ ಮುಂದೆ ಬಂದಳು. "ನೀನು ಕೊಟ್ಟಿದ್ದು, ಭಾಯ್."

ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂಬ ಷರೀಯತ್ ಕಾನೂನಿನ ಲೆಕ್ಕದಂತೆ ಮೂಲೆಯ ಮಳಿಗೆ ಅವಳ ಹೆಸರಿಗೆ ಬಂತು. ಭಾಗಪತ್ರಕ್ಕೆ ಸಹಿ ಹಾಕಿ ನೋಂದಣಿ ಕಚೇರಿಯ ಮೆಟ್ಟಿಲಿಳಿಯುವಾಗ ಅಕೀಬ್ ಮೆಲ್ಲಗೆ ಹೇಳಿದ, "ಹೊಲಿಗಿ ಅಂಗಡಿ ಹಾಕು. ಅಬ್ಬಾನ ಗಿರಾಕಿಗಳು ಇನ್ನೂ ಬರ್ತಾರೆ."

ನುಜತ್ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು. "ಭಾಬಿ, ಈ ಋಣ ಹೆಂಗೆ ತೀರಿಸ್ಲಿ?"

"ಋಣ ಯಾಕ ಅಂತಿ? ನನಗೆ ಸಿಗದಿದ್ದು ನಿನಗಾದ್ರೂ ಸಿಕ್ತು. ನನ್ನ ಹೊಟ್ಟಿ ತಣ್ಣಗಾತು."

ಅಂಗಡಿ ತೆರೆದ ದಿನ ನೆಂಟರೆಲ್ಲ ಬೀಗ ತೆಗೆಯಲು ಅಕೀಬ್ ಬರಲೆಂದು ದಾರಿ ನೋಡುತ್ತಿದ್ದರು. ನುಜತ್ ಮಾತ್ರ ಬೀಗದ ಕೈಯನ್ನು ಅಂಜುಮ್ ಅಂಗೈಯಲ್ಲಿಟ್ಟಳು. ಶಟರ್ ಸದ್ದು ಮಾಡುತ್ತ ಮೇಲೇರಿತು. ಬಿಸ್ಮಿಲ್ಲಾ ಎಂದು ಅಂಜುಮ್ ಬಲಗಾಲಿಟ್ಟು ಒಳಗೆ ನಡೆದಳು.